ಸೆನ್ನಾಕೆರಿಬ್ ಅನ್ನಬೇಕಾ, ಸನ್ಹೇರೀಬ ಅನ್ನಬೇಕಾ?

ದನಿಗಾರ (ಪ್ರಶ್ನೆ):
ಹಳೆಯ ನಾಗರಿಕತೆಗಳ ಬಗ್ಗೆ ಒಂದು ಆಡಿಯೋ ಸರಣಿ ಓದಿ ರೆಕಾರ್ಡ್ ಮಾಡುತ್ತಿದ್ದೇನೆ. ಅಸ್ಸೀರಿಯಾದ ಒಬ್ಬ ರಾಜನ ಹೆಸರು ಬಂದ ಕಡೆ ನಿಂತುಬಿಟ್ಟಿದ್ದೇನೆ. ಇತಿಹಾಸದ ಪುಸ್ತಕದಲ್ಲಿ ಸೆನ್ನಾಕೆರಿಬ್ ಅಂತಿದೆ. ಕನ್ನಡ ಬೈಬಲ್‌ನಲ್ಲಿ ಸನ್ಹೇರೀಬ. ಒಂದು ವಿಡಿಯೋದಲ್ಲಿ ಸೆನ್ನಾಚೆರಿಬ್ ಅಂದರು. ಮೂರೂ ಒಬ್ಬನೇನಾ? ಅವನ ಕಾಲದಲ್ಲಿ ಹೇಗೆ ಕರೆಯುತ್ತಿದ್ದರು? ಹೆಸರಿಗೆ ಅರ್ಥ ಏನಾದರೂ ಇದೆಯಾ?

ಮಣ್ಣಿನಹಲಗೆ:
ಒಬ್ಬನೇ. ಕ್ರಿ.ಪೂ. 705ರಿಂದ 681ರವರೆಗೆ ಆಳಿದವನು, ನಿನೆವೆಯನ್ನು ರಾಜಧಾನಿ ಮಾಡಿಕೊಂಡವನು. ಅಸ್ಸೀರಿಯಾದವರ ಅಕ್ಕಾಡಿಯನ್ ಭಾಷೆಯಲ್ಲಿ ಅವನ ಹೆಸರು ಸೀನ್-ಅಹ್ಹೇ-ಎರೀಬ. ನಡುವಿನ ‘ಹ್ಹ’ ನಮ್ಮ ಹಗುರವಾದ ಹಕಾರ ಅಲ್ಲ. ಉರ್ದು ಮಾತಾಡುವವರು ‘ಖಬರ್’ ಅನ್ನುವಾಗ ಗಂಟಲು ಕೆರೆದ ಹಾಗೆ ಬರುತ್ತದಲ್ಲ, ಆ ಸದ್ದು.

ಇದು ಬರೀ ಹೆಸರಲ್ಲ, ಪೂರ್ತಿ ಒಂದು ವಾಕ್ಯ. ಸೀನ್ ಅಂದರೆ ಚಂದ್ರದೇವರು. ಅಹ್ಹೇ ಅಂದರೆ ಅಣ್ಣತಮ್ಮಂದಿರು. ಎರೀಬ ಅಂದರೆ ಹೋದದ್ದಕ್ಕೆ ಬದಲಾಗಿ ಕೊಟ್ಟ. ‘ತೀರಿಕೊಂಡ ಮಕ್ಕಳ ಬದಲಿಗೆ ಚಂದ್ರದೇವರು ಇವನನ್ನು ಕೊಟ್ಟ’ ಅನ್ನುವ ಭಾವ. ಇವನಿಗಿಂತ ಮೊದಲು ಹುಟ್ಟಿದ ಗಂಡುಮಕ್ಕಳನ್ನು ಆ ಮನೆ ಕಳೆದುಕೊಂಡಿತ್ತು ಅಂತ ಹೆಸರೇ ಹೇಳುತ್ತದೆ. ಜೆರುಸಲೇಮಿಗೆ ಮುತ್ತಿಗೆ ಹಾಕಿದ, ಬ್ಯಾಬಿಲೋನನ್ನು ಹಾಳುಗೆಡವಿದ ರಾಜ ಅಂತಲೇ ಅವನನ್ನು ಓದಿರುತ್ತೇವೆ. ಆದರೆ ಈ ಹೆಸರಿಟ್ಟಾಗ ಅವನಿನ್ನೂ ತೊಟ್ಟಿಲ ಕೂಸು. ನನಗಂತೂ ಅವನ ಯುದ್ಧಗಳಿಗಿಂತ ಇದೇ ಜಾಸ್ತಿ ಕಾಡುತ್ತದೆ.

ಬರೆಯುತ್ತಿದ್ದ ರೀತಿ ಇನ್ನೂ ಚೆಂದ. ಜೇಡಿಮಣ್ಣಿನ ಮೇಲೆ ಮೊದಲು ದೇವರ ಗುರುತು, ಆಮೇಲೆ 30 ಅನ್ನುವ ಅಂಕಿ. ತಿಂಗಳಿಗೆ 30 ದಿನ, ಹಾಗಾಗಿ 30 ಅಂದರೆ ಚಂದ್ರ! ಅದರ ಪಕ್ಕ ‘ಸೋದರ’ ಅನ್ನುವ ಚಿಹ್ನೆ, ಬಹುವಚನದ ಚಿಹ್ನೆ, ಕೊನೆಗೆ ಕ್ರಿಯಾಪದ. ಕಣ್ಣಿಗೆ ಕಾಣುವುದು ಅಂಕಿ, ಬಾಯಲ್ಲಿ ಬರುವುದು ‘ಸೀನ್’.

ಹಳೇಲಿಪಿ:
ಉಳಿದ ರೂಪಗಳು ಹುಟ್ಟಿದ್ದು ಹೀಗೆ. ಹೀಬ್ರೂದವರು ಕೇಳಿದಂತೆ ಸನ್ಹೇರೀಬ್ ಅಂತ ಬರೆದುಕೊಂಡರು, ಕನ್ನಡ ಬೈಬಲ್‌ನದು ಅದೇ ದಾರಿ. ಗ್ರೀಕ್, ಲ್ಯಾಟಿನ್ ದಾರಿಯಲ್ಲಿ ಬಂದದ್ದು ಸೆನ್ನಾಕೆರಿಬ್. ಅಲ್ಲಿ ಸಿ-ಎಚ್ ಅಕ್ಷರಗಳು ಆ ಗಂಟಲಿನ ಸದ್ದಿಗಾಗಿ ಹಾಕಿದವು, ಅದನ್ನು ‘ಚ’ ಅಂತ ಓದಬಾರದು. ಕನ್ನಡದಲ್ಲಿ ಓದುವವರು ಸನ್ಹೇರೀಬ ಅಂದರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮೂಲಕ್ಕೂ ಹತ್ತಿರ, ನಾಲಿಗೆಗೂ ಸಲೀಸು.

ದನಿಗಾರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸನ್ಹೇರೀಬ ಅಂತಲೇ ಓದುತ್ತೇನೆ, ಒಂದು ಕಡೆ ಮಾತ್ರ ಮೂಲ ಹೆಸರನ್ನೂ ಸೇರಿಸುತ್ತೇನೆ. ಅಂದಹಾಗೆ, ಅವನ ನಂತರ ಪಟ್ಟಕ್ಕೆ ಬಂದ ಎಸರ್‌ಹಡ್ಡನ್ ಹೆಸರೂ ಹೀಗೇನಾ?

ಮಣ್ಣಿನಹಲಗೆ:
ಹೌದು, ಅದೂ ವಾಕ್ಯವೇ. ಅಶ್ಶೂರ್-ಅಹ-ಇದ್ದಿನ, ‘ಅಶ್ಶೂರ ದೇವರು ಒಬ್ಬ ತಮ್ಮನನ್ನು ಕೊಟ್ಟ’. ಅಪ್ಪನ ಹೆಸರಲ್ಲಿ ‘ಅಹ್ಹೇ’, ಅದು ಬಹುವಚನ. ಇಲ್ಲಿ ‘ಅಹ’, ಒಬ್ಬನೇ. ಓದುವಾಗ ಆ ಒತ್ತು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ.

ಮೂಲ ಹೆಸರನ್ನು ಎಲ್ಲಿ ಸೇರಿಸಬೇಕು ಅಂತ ನಾನು ಹೇಳಲಾ? ಬ್ರಿಟಿಷ್ ಮ್ಯೂಸಿಯಂನಲ್ಲಿ ಆರು ಮುಖದ ಒಂದು ಮಣ್ಣಿನ ಕಂಬ ಇದೆ, ಟೇಲರ್ ಪ್ರಿಸಂ ಅನ್ನುತ್ತಾರೆ. ರಾಜನ ಮೊದಲ ಎಂಟು ದಂಡಯಾತ್ರೆಗಳು ಅದರ ಮೇಲಿವೆ. ಬರಹ ಶುರುವಾಗುವುದೇ ಅವನ ಹೆಸರಿಂದ: ‘ಸೀನ್-ಅಹ್ಹೇ-ಎರೀಬ, ಶರ್ರು ರಬೂ, ಶರ್ರು ದನ್ನು’. ದೊಡ್ಡ ರಾಜ, ಬಲಶಾಲಿ ರಾಜ ಅಂತ. ‘ಅಹ್ಹೇ’ ಮತ್ತು ‘ಎರೀಬ’ ನಡುವೆ ನಿಲ್ಲಬೇಡಿ, ಎರಡು ‘ಎ’ ಸೇರಿಕೊಂಡು ‘ಅಹ್ಹೇರೀಬ’ ಅಂತ ಹರಿಯಲಿ. ‘ಶರ್ರು’ವಿನ ಎರಡು ರಕಾರ ಮಾತ್ರ ಗಟ್ಟಿಯಾಗಿ ಬರಬೇಕು. ರೆಕಾರ್ಡ್ ಆದ ಮೇಲೆ ಇಲ್ಲಿ ಹಾಕಿ, ಕೇಳುತ್ತೇನೆ.