ಫ್ಯೂರ್ಸ್ಟ್ ಲಿಯೋಪೋಲ್ಡ್: ರಾಜಕುಮಾರನೋ, ದೊರೆಯೋ?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು. ಜರ್ಮನ್ ಸಂಗೀತಕಾರ ಬಾಖ್‌ನ ಸಂಗೀತದ ಒಂದು ಚಿಕ್ಕ ಕಾರ್ಯಕ್ರಮಕ್ಕೆ ಕನ್ನಡದಲ್ಲಿ ನಾಲ್ಕು ಪುಟದ ಪರಿಚಯ ಬರೆಯುತ್ತಿದ್ದೇನೆ. ಅದರಲ್ಲಿ ಜರ್ಮನಿಯ ಕ್ಯೋಟನ್ ಅನ್ನುವ ಚಿಕ್ಕ ಸಂಸ್ಥಾನದ ಲಿಯೋಪೋಲ್ಡ್ ಬರಲೇಬೇಕು. 1717ರ ಕೊನೆಯಿಂದ 1723ರವರೆಗೆ ಬಾಖ್ ಇದ್ದದ್ದು ಅವನ ಆಸ್ಥಾನದಲ್ಲಿ. ಇಂಗ್ಲಿಷ್ ಪುಸ್ತಕಗಳಲ್ಲಿ ‘ಪ್ರಿನ್ಸ್ ಲಿಯೋಪೋಲ್ಡ್’ ಅಂತಲೇ ಇದೆ. ನಾನೂ ಮೊದಲ ಕರಡಿನಲ್ಲಿ ‘ರಾಜಕುಮಾರ ಲಿಯೋಪೋಲ್ಡ್’ ಅಂತ ಬರೆದೆ. ಅದನ್ನು ಓದಿದ ನನ್ನ ಅಕ್ಕ ಕೇಳಿದ್ದು ಒಂದೇ ಮಾತು: “ಹಾಗಾದ್ರೆ ರಾಜ ಯಾರು?”

ರಾಜ ಬೇರೆ ಯಾರೂ ಇಲ್ಲ. ಅಲ್ಲಿ ಆಳುತ್ತಿದ್ದವನು ಅವನೇ.

ಜರ್ಮನ್ ಭಾಷೆಯಲ್ಲಿ ಈ ತೊಡಕಿಲ್ಲ. ಆಳುವವನು ‘ಫ್ಯೂರ್ಸ್ಟ್’. ಆಳುವ ಮನೆಯಲ್ಲಿ ಹುಟ್ಟಿ, ತಾನು ಆಳದೆ ಇರುವವನು ‘ಪ್ರಿಂಟ್ಸ್’. ಇಂಗ್ಲಿಷ್ ಇವೆರಡನ್ನೂ ‘ಪ್ರಿನ್ಸ್’ ಅಂತ ಒಂದೇ ಮೂಟೆ ಕಟ್ಟಿತು. ನಾವು ಇಂಗ್ಲಿಷಿನಿಂದ ತರುವಾಗ ಆ ಮೂಟೆಯನ್ನೇ ಹೊತ್ತು ತಂದೆವು. ‘ಫ್ಯೂರ್ಸ್ಟ್’ ಪದದ ಬೇರು ಇಂಗ್ಲಿಷಿನ ‘ಫಸ್ಟ್’ ಪದದ ಬೇರೇ, ಅಂದರೆ ಮೊದಲಿಗ. ‘ಪ್ರಿನ್ಸ್’ ಬಂದದ್ದು ಲ್ಯಾಟಿನ್ನಿನ ‘ಪ್ರಿಂಕೆಪ್ಸ್’ನಿಂದ. ಅದರ ಅರ್ಥವೂ ಮೊದಲಿನವನು, ಮುಂದಾಳು. ಎರಡರಲ್ಲೂ ‘ಮಗ’ ಅನ್ನುವ ಅರ್ಥ ಹುಟ್ಟಿನಲ್ಲಿ ಇಲ್ಲವೇ ಇಲ್ಲ. ಕನ್ನಡದ ‘ರಾಜಕುಮಾರ’ದಲ್ಲಿ ಮಾತ್ರ ‘ಕುಮಾರ’ ಎದ್ದು ಕೂತಿದ್ದಾನೆ.

ಲಿಯೋಪೋಲ್ಡ್‌ನ ಬದುಕನ್ನು ನೋಡಿದರೆ ಈ ಪದ ಎಷ್ಟು ತಪ್ಪು ಚಿತ್ರ ಕೊಡುತ್ತದೆ ಅಂತ ಗೊತ್ತಾಗುತ್ತದೆ. ಅನ್‌ಹಾಲ್ಟ್ ಅನ್ನುವ ನಾಡು ದಾಯಾದಿಗಳ ನಡುವೆ ಹಂಚಿಹೋಗಿತ್ತು. ದೆಸಾವ್, ಬೆರ್ನ್‌ಬುರ್ಗ್, ತ್ಸೆರ್ಬ್‌ಸ್ಟ್, ಕ್ಯೋಟನ್, ಹೀಗೆ ಒಂದೊಂದು ಊರಿಗೆ ಒಂದೊಂದು ಶಾಖೆ. (ರಷ್ಯಾದ ಮಹಾರಾಣಿ ಕ್ಯಾಥರೀನ್ ತ್ಸೆರ್ಬ್‌ಸ್ಟ್ ಶಾಖೆಯ ಹುಡುಗಿ. ನಮಗೆ ಚೆನ್ನಾಗಿ ಗೊತ್ತಿರುವ ಮ್ಯಾಕ್ಸ್ ಮುಲ್ಲರ್ 1823ರಲ್ಲಿ ಹುಟ್ಟಿದ್ದು ದೆಸಾವ್‌ನಲ್ಲಿ.) ಕ್ಯೋಟನ್ ಶಾಖೆಯಲ್ಲಿ ಲಿಯೋಪೋಲ್ಡ್ ಹುಟ್ಟಿದ್ದು 1694ರಲ್ಲಿ. ತಂದೆ ಇಮಾನುಯೆಲ್ ಲೆಬ್ರೆಶ್ಟ್ 1704ರಲ್ಲಿ ತೀರಿಕೊಂಡ. ಹುಡುಗನಿಗೆ ಆಗ ಒಂಬತ್ತು ವರ್ಷ. ಪಟ್ಟ ಅವನಿಗೇ ಬಂತು. ಅವನು ದೊಡ್ಡವನಾಗುವ ತನಕ ಆಡಳಿತ ನೋಡಿಕೊಂಡವಳು ತಾಯಿ ಗಿಸೆಲಾ ಆಗ್ನೆಸ್.

ಈ ಕಥೆ ಕನ್ನಡಿಗರಿಗೆ ಹೊಸದಲ್ಲ ಅಲ್ವಾ? 1894ರ ಕೊನೆಯಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹತ್ತು ವರ್ಷ. 1902ರವರೆಗೆ ತಾಯಿ ವಾಣಿವಿಲಾಸ ಸನ್ನಿಧಾನ ರೀಜೆಂಟರಾಗಿ ಆಳಿದರು. ಆದರೂ 1895ರಲ್ಲಿ ಪಟ್ಟಕ್ಕೆ ಬಂದ ಆ ಹುಡುಗನನ್ನು ನಾವು ಮಹಾರಾಜರು ಅನ್ನುತ್ತೇವೆ. ಲಿಯೋಪೋಲ್ಡ್‌ಗೂ ಅದೇ ನ್ಯಾಯ ಸಿಗಬೇಕು.

ಇನ್ನೊಂದು ಸಾಕ್ಷಿ ನಮ್ಮ ಹತ್ತಿರವೇ ಇದೆ. ಮೈಸೂರನ್ನು ಇಂಗ್ಲಿಷಿನವರು ‘ಪ್ರಿನ್ಸ್ಲಿ ಸ್ಟೇಟ್’ ಅಂದರು. ಆಗ ನಮ್ಮ ಹಿರಿಯರು ಅದನ್ನು ‘ರಾಜಕುಮಾರರ ರಾಜ್ಯ’ ಅಂತ ಮಾಡಲಿಲ್ಲ. ಸಂಸ್ಥಾನ ಅಂದರು. 1921ರಲ್ಲಿ ದಿಲ್ಲಿಯಲ್ಲಿ ಶುರುವಾದ ‘ಚೇಂಬರ್ ಆಫ್ ಪ್ರಿನ್ಸಸ್’ಗೆ ನರೇಂದ್ರ ಮಂಡಲ ಅನ್ನುವ ಹೆಸರು ಬಂತು. ಅಲ್ಲಿನ ‘ಪ್ರಿನ್ಸ್’ ಅಂದರೆ ಆಳುವ ಅರಸ ಅಂತ ಎಲ್ಲರಿಗೂ ಗೊತ್ತಿತ್ತು. ಯುರೋಪಿನ ಮಾತು ಬಂದಾಗ ಮಾತ್ರ ಯಾಕೆ ಮರೆತೆವೋ.

ಸರಿ, ‘ರಾಜಕುಮಾರ’ ಬೇಡ. ಅದರ ಬದಲು ಏನು? ‘ರಾಜ’ ಅಂದರೆ ಜಾಸ್ತಿಯಾಗುತ್ತದೆ. ಜರ್ಮನಿಯಲ್ಲಿ ರಾಜನಿಗೆ ‘ಕ್ಯೋನಿಗ್’ ಅನ್ನುವ ಬೇರೆ ಪದವಿದೆ, ಪ್ರಷ್ಯದ ರಾಜ ಅದೇ ಕಥೆಯಲ್ಲಿ ಬರುತ್ತಾನೆ. ‘ಪಾಳೆಯಗಾರ’ ಅಂದರೆ ಕೋಟೆ, ಕುದುರೆ, ದಂಗೆ ಕಣ್ಣ ಮುಂದೆ ಬರುತ್ತವೆ. ಪಿಟೀಲು ಹಿಡಿದ ಮನುಷ್ಯನಿಗೆ ಅದು ಒಪ್ಪುವುದಿಲ್ಲ. ‘ಸಾಮಂತ’ ಅಂದರೆ ಮೇಲಿನವನಿಗೆ ಕಪ್ಪ ಕೊಡುವುದೇ ಮುಖ್ಯವಾಗಿ ಕೇಳಿಸುತ್ತದೆ. ಉಳಿದದ್ದು ಅರಸ ಮತ್ತು ದೊರೆ. ಅರಸ ಅನ್ನುವ ಪದಕ್ಕೆ ರಾಜ್ಯದ ಅಳತೆ ಬೇಕಿಲ್ಲ. ನಮ್ಮ ಶಾಸನಗಳಲ್ಲಿ ಚಿಕ್ಕ ನಾಡುಗಳನ್ನು ಆಳಿದವರ ಹೆಸರಿನ ಕೊನೆಗೂ ‘ಅರಸ’ ಇರುತ್ತದೆ. ದೊರೆಯೂ ಹಾಗೇ. ಸುರಪುರದ ದೊರೆ ಅನ್ನುತ್ತೇವೆ. ಬ್ರಿಟಿಷ್ ಅಧಿಕಾರಿಗಳಿಗೂ ದೊರೆ ಅಂದಿದ್ದೇವೆ, ಅದೊಂದೇ ನನಗೆ ಅಳುಕು. ‘ಕ್ಯೋಟನ್‌ನ ದೊರೆ’ ಅಂದರೆ ಯಾರೋ ಕಲೆಕ್ಟರ್ ಅಂತ ಓದುಗರಿಗೆ ಅನಿಸಬಹುದೇ?

ನನ್ನ ಅನುಮಾನವನ್ನು ತೀರಿಸಿದ್ದು ಬಾಖ್‌ನದೇ ಕಾಗದ. 1730ರ ಅಕ್ಟೋಬರ್ 28ರಂದು ಲೈಪ್ಸಿಗ್‌ನಿಂದ ತನ್ನ ಶಾಲೆಯ ಗೆಳೆಯ ಗೇಯೊರ್ಗ್ ಎರ್ಡ್‌ಮಾನ್‌ಗೆ ಬರೆದದ್ದು. ಕ್ಯೋಟನ್‌ನಲ್ಲಿ ಸಂಗೀತವನ್ನು ಪ್ರೀತಿಸುವ, ಸಂಗೀತವನ್ನು ಬಲ್ಲ ಒಬ್ಬ ‘ಫ್ಯೂರ್ಸ್ಟ್’ ಇದ್ದ, ಅವನ ಬಳಿಯೇ ಬದುಕು ಮುಗಿಸುವೆ ಅಂದುಕೊಂಡಿದ್ದೆ ಅನ್ನುತ್ತಾನೆ. ಆಮೇಲೆ ಮದುವೆಯ ವಿಷಯ. 1721ರ ಡಿಸೆಂಬರ್ 11ರಂದು ಲಿಯೋಪೋಲ್ಡ್ ತನ್ನ ದಾಯಾದಿ ಬೆರ್ನ್‌ಬುರ್ಗ್ ಮನೆಯ ಫ್ರೀಡೆರಿಕಾ ಹೆನ್ರಿಯೆಟ್ಟಾಳನ್ನು ಮದುವೆಯಾದ. ಅದಕ್ಕೆ ಎಂಟು ದಿನ ಮೊದಲಷ್ಟೇ ಬಾಖ್ ಆನ್ನಾ ಮಗ್ದಲೇನಾಳನ್ನು ಮದುವೆಯಾಗಿದ್ದ. ಕಾಗದದಲ್ಲಿ ಲಿಯೋಪೋಲ್ಡ್‌ನ ಹೆಂಡತಿ ಮದುವೆಗೆ ಮುಂಚೆ ‘ಪ್ರಿನ್ಸೆಸಿನ್’. ಅದೇ ವಾಕ್ಯ ಮುಗಿಯುವ ಮೊದಲೇ ಅವಳು ‘ಹೊಸ ಫ್ಯೂರ್ಸ್ಟಿನ್’. ಒಬ್ಬಳೇ ಹೆಣ್ಣು, ಒಂದೇ ವಾಕ್ಯ, ಎರಡು ಪದ. ಇಂಗ್ಲಿಷಿನಲ್ಲಿ ಎರಡೂ ‘ಪ್ರಿನ್ಸೆಸ್’. ಕನ್ನಡದಲ್ಲಿ ‘ಬೆರ್ನ್‌ಬುರ್ಗ್‌ನ ರಾಜಕುಮಾರಿ’ ಮತ್ತು ‘ಹೊಸ ಅರಸಿ’ ಅಂತ ಸಲೀಸಾಗಿ ಬರುತ್ತದೆ. ನಮ್ಮ ಹತ್ತಿರ ಇರುವ ಪದವನ್ನು ನಾವು ಬಳಸಬೇಕು ಅಷ್ಟೇ.

ಅಲ್ಲೇ ಇನ್ನೊಂದು ಪದ ಕಾದಿದೆ. ಹೊಸ ಅರಸಿ ‘ಅಮೂಸಾ’ ಎಂಬಂತೆ ಕಂಡಳು, ದೊರೆಗೆ ಸಂಗೀತದ ಒಲವು ಸ್ವಲ್ಪ ತಣ್ಣಗಾಯಿತು ಅನ್ನುತ್ತಾನೆ ಬಾಖ್. ಗ್ರೀಕರ ಕಲೆಯ ದೇವಿಯರು ಮ್ಯೂಸ್‌ಗಳು. ಅವರ ಸೋಂಕು ಇಲ್ಲದವಳು ಅಮೂಸಾ. ಮೊದಲ ‘ಅ’ ನಮ್ಮ ಅಜ್ಞಾನ, ಅನ್ಯಾಯಗಳಲ್ಲಿ ಇರುವ ‘ಅ’ ಕಾರದ ಒಡಹುಟ್ಟು. ‘ಅರಸಿಕೆ’ ಅಂದರೆ ಗುರಿಗೆ ನೇರವಾಗಿ ತಗಲುತ್ತದೆ. ಆದರೆ ‘ಹೊಸ ಅರಸಿ ಅರಸಿಕೆ’ ಅಂದರೆ ಶ್ಲೇಷೆಯಂತೆ ಕೇಳಿಸುತ್ತದೆ. ಅರಸೀಕೆರೆಯ ‘ಅರಸಿ’ಯೂ ಕಿವಿಯಲ್ಲಿ ಮೊಳಗುತ್ತಾಳೆ. ಬಾಖ್ ಅಲ್ಲಿ ತಮಾಷೆ ಮಾಡುತ್ತಿರಲಿಲ್ಲ, ಬೇಸರದಲ್ಲಿದ್ದ. ಹಾಗಾಗಿ ‘ಸಂಗೀತದ ಗಂಧವಿಲ್ಲದವಳು’ ಅಂತ ಬರೆದುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ. ಅವಳ ಮೇಲೆ ಜಾಸ್ತಿ ಕಟುವಾದ ಪದ ಹಾಕಲು ನನಗೆ ಮನಸ್ಸಿಲ್ಲ. 1722ರಲ್ಲಿ ಒಂದು ಹೆಣ್ಣು ಮಗು ಹೆತ್ತು, 1723ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು. ಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದರು, ಗಿಸೆಲಾ ಆಗ್ನೆಸ್.

ಆ ಅಜ್ಜಿಯ ಮದುವೆಗೂ ಪದ ಬೇಕು. ಆಕೆ ಆಳುವ ಮನೆಯವಳಲ್ಲ, ಫೊನ್ ರಾಥ್ ಅನ್ನುವ ಸಣ್ಣ ಜಮೀನ್ದಾರ ಮನೆತನದವಳು. ಮೇಲಾಗಿ ಲೂಥರನ ಪಂಥ. ಗಂಡನ ಮನೆ ಕ್ಯಾಲ್ವಿನ್ ಪಂಥ. ಎರಡೂ ಪ್ರಾಟೆಸ್ಟಂಟ್ ಕ್ರೈಸ್ತರ ಬೇರೆ ಬೇರೆ ಪಂಥಗಳು. ಆಮೇಲೆ ಜರ್ಮನ್ ನಾಡುಗಳ ಮೇಲಿದ್ದ ಚಕ್ರವರ್ತಿ ಆಕೆಗೆ ನೀನ್‌ಬುರ್ಗ್‌ನ ಕೌಂಟೆಸ್ ಪದವಿ ಕೊಟ್ಟ. ಕ್ಯೋಟನ್‌ನಲ್ಲಿ ಲೂಥರನ್ನರಿಗೆ ಒಂದು ಚರ್ಚು ಕಟ್ಟಿಸಿದವಳೂ ಆಕೆಯೇ. ಬಾಖ್ ಮನೆಯವರು ಹೋಗುತ್ತಿದ್ದದ್ದು ಅಲ್ಲಿಗೆ. ಅಂತಸ್ತು ಸರಿಹೋಗದ ಮದುವೆಗಳಲ್ಲಿ ಒಂದು ಬಗೆಗೆ ಜರ್ಮನ್ನರು ‘ಎಡಗೈ ಮದುವೆ’ ಅನ್ನುತ್ತಿದ್ದರು. ಆ ಪದವನ್ನು ಹಾಗೇ ತಂದರೆ ಕನ್ನಡದಲ್ಲಿ ದೊಡ್ಡ ಎಡವಟ್ಟು. ನಮ್ಮಲ್ಲಿ ಎಡಗೈ, ಬಲಗೈ ಅಂದರೆ ಜಾತಿಗಳ ಬಣ. ಅದಕ್ಕೆ ‘ಸರೀಕರಲ್ಲದ ಮನೆಯ ಮದುವೆ’ ಅಂತ ಹಾಕಿದ್ದೇನೆ. ಸರೀಕ ಅನ್ನುವ ಪದ ಹಳ್ಳಿಯಲ್ಲಿ ಇನ್ನೂ ಬದುಕಿದೆ. ಸರೀಕರ ಎದುರು ತಲೆ ತಗ್ಗಬಾರದು ಅನ್ನುವ ಮಾತಿನಲ್ಲಿ ಈ ಜರ್ಮನ್ ಮನೆತನಗಳ ಇಡೀ ಚಿಂತೆ ಅಡಗಿದೆ.

ಕ್ಯೋಟನ್‌ನಲ್ಲಿ ಬಾಖ್‌ಗಿದ್ದ ಹುದ್ದೆ ‘ಕಪೆಲ್‌ಮೈಸ್ಟರ್’. ಅದಕ್ಕೆ ‘ಆಸ್ಥಾನ ವಿದ್ವಾನ್’ ಸಾಲದು, ಅವನು ಇಡೀ ವಾದ್ಯಮೇಳವನ್ನು ನಡೆಸುವವನು. ‘ಆಸ್ಥಾನದ ಮೇಳದೊಡೆಯ’ ಅಂದರೆ ಹೇಗೆ? ಆ ಮೇಳ ಸಣ್ಣದೇನಲ್ಲ. 1713ರಲ್ಲಿ ಪ್ರಷ್ಯದ ರಾಜ ಬರ್ಲಿನ್ನಿನ ತನ್ನ ವಾದ್ಯಮೇಳವನ್ನು ಮನೆಗೆ ಕಳಿಸಿದ. ಅದರಲ್ಲಿ ಕೆಲವರು ಕ್ಯೋಟನ್‌ಗೆ ಬಂದರು. ಲಿಯೋಪೋಲ್ಡ್ ತಾನೂ ಪಿಟೀಲು, ವಿಯೋಲ ದ ಗಾಂಬಾ, ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದ, ಹಾಡುತ್ತಿದ್ದ. 1718ರಲ್ಲಿ ಬಾಖ್‌ಗೆ ಹುಟ್ಟಿದ ಮಗನಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ (ಗಾಡ್‌ಫಾದರ್) ನಿಂತು ತನ್ನ ಹೆಸರನ್ನೇ ಕೊಟ್ಟ. ಆ ಕೂಸು ವರ್ಷ ತುಂಬುವಷ್ಟರಲ್ಲಿ ಹೋಯಿತು.

ಕೊನೆಯ ಪುಟವೇ ನನಗೆ ಕಷ್ಟವಾಗಿರುವುದು. 1725ರಲ್ಲಿ ಲಿಯೋಪೋಲ್ಡ್ ನಸಾವ್-ಸೀಗನ್‌ನ ಶಾರ್ಲೊಟ್ಟೆಯನ್ನು ಮದುವೆಯಾದ. ಇಬ್ಬರು ಗಂಡು ಮಕ್ಕಳಾದರು. ಇಬ್ಬರೂ 1728ರಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್ 19ರಂದು ದೊರೆಯೂ ಹೋದ. ಇನ್ನೂ 34 ತುಂಬಿರಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಬಾಖ್ ಲೈಪ್ಸಿಗ್‌ನಿಂದ ಬಂದು ಅವನ ಮಣ್ಣಿಗೆ ಸಂಗೀತ ನಡೆಸಿಕೊಟ್ಟ. ಪಟ್ಟಕ್ಕೆ ಬಂದವನು ತಮ್ಮ ಆಗುಸ್ಟ್ ಲುಡ್ವಿಗ್. ಅಲ್ಲಿಯವರೆಗೆ ‘ಪ್ರಿಂಟ್ಸ್’ ಆಗಿದ್ದವನು ಆ ದಿನ ‘ಫ್ಯೂರ್ಸ್ಟ್’ ಆದ. ಇಬ್ಬರನ್ನೂ ರಾಜಕುಮಾರ ಅಂದರೆ ಈ ವಾಕ್ಯವನ್ನೇ ಬರೆಯಲು ಆಗುವುದಿಲ್ಲ, ನೋಡಿ.

ಸದ್ಯಕ್ಕೆ ಕರಡಿನಲ್ಲಿ ಹೀಗಿದೆ: “ದೊರೆ ಲಿಯೋಪೋಲ್ಡ್ ತೀರಿಕೊಂಡ. ಅವನ ತಮ್ಮ, ರಾಜಕುಮಾರ ಆಗುಸ್ಟ್ ಲುಡ್ವಿಗ್, ದೊರೆಯಾದ.” ಸುರಪುರ, ಸಂಡೂರು, ಕಿತ್ತೂರು ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಹಿರಿಯರ ಬಾಯಲ್ಲಿ ಸಂಸ್ಥಾನದವರಿಗೆ ದೊರೆ ಅನ್ನುತ್ತಿದ್ದರೋ, ಅರಸ ಅನ್ನುತ್ತಿದ್ದರೋ? ಮುಂದಿನ ವಾರ ಅಚ್ಚಿಗೆ ಕೊಡಬೇಕು.