ಓಟಿಜಿಯಲ್ಲಿ ಕೇಕ್ ಹಿಂದೆ ಸೀದು ಮುಂದೆ ಹಸಿ: ಥರ್ಮೋಸ್ಟಾಟ್ ಬದಲಾಯಿಸಬೇಕಾ?

ಪ್ರಶ್ನೆ: ನಮ್ಮದು 28 ಲೀಟರ್ ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್), 1600 ವ್ಯಾಟ್, ಮೇಲೆ ಎರಡು ಕೆಳಗೆ ಎರಡು ಬಿಸಿಯಾಗುವ ರಾಡ್, ಫ್ಯಾನ್ ಇಲ್ಲ. ಇತ್ತೀಚೆಗೆ 180 ಡಿಗ್ರಿಗೆ ಇಟ್ಟ ಕೇಕ್ ಹಿಂದಿನ ಕಡೆ ತಳ ಸೀದು ಹೋಗುತ್ತೆ, ಬಾಗಿಲ ಕಡೆ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟುತ್ತೆ. ರಿಪೇರಿಯವರು ಫೋನಿನಲ್ಲೇ ಥರ್ಮೋಸ್ಟಾಟ್ ಹೋಗಿದೆ ಅಂದರು. ಹೊಸದು ಹಾಕಿಸಲಾ ಸರ್?

ಉತ್ತರ: ಈಗಲೇ ಬೇಡ ಮೇಡಂ. ಥರ್ಮೋಸ್ಟಾಟ್ (ಬಿಸಿಯನ್ನು ಹಿಡಿತದಲ್ಲಿಡುವ ಸ್ವಿಚ್) ಎಲ್ಲ ರಾಡ್‌ಗೂ ಒಟ್ಟಿಗೇ ಕರೆಂಟ್ ಕೊಡುತ್ತೆ, ಒಟ್ಟಿಗೇ ತೆಗೆಯುತ್ತೆ. ಅದು ಕೆಟ್ಟರೆ ಇಡೀ ಓವನ್ ಜಾಸ್ತಿ ಕಾಯಬೇಕು, ಇಲ್ಲಾ ಕಮ್ಮಿ ಕಾಯಬೇಕು. ಹಿಂದೊಂದು ಥರ ಮುಂದೊಂದು ಥರ ಆಗೋದು ಅದರಿಂದಲ್ಲ.

ಮೊದಲು ಬ್ರೆಡ್ ಇಟ್ಟು ನೋಡಿ. ಮೇಲೆ-ಕೆಳಗೆ ಎರಡೂ ರಾಡ್ ಆನ್ ಮಾಡಿ 180ಕ್ಕೆ 15 ನಿಮಿಷ ಕಾಯಿಸಿ. ನಡು ಹಂತದ ಜಾಲರಿಯ ಮೇಲೆ ಬಿಳಿ ಬ್ರೆಡ್ ಸ್ಲೈಸ್‌ಗಳನ್ನು ಸಂದಿಲ್ಲದಂತೆ ಜೋಡಿಸಿ 8ರಿಂದ 10 ನಿಮಿಷ ಬಿಡಿ. ತೆಗೆಯುವಾಗ ಯಾವ ಸ್ಲೈಸ್ ಎಲ್ಲಿತ್ತು ಅನ್ನೋದು ತಪ್ಪಬಾರದು. ಮೇಲ್ಮೈ ಬಣ್ಣ ಮೇಲಿನ ರಾಡ್‌ಗಳದ್ದು, ಮಗುಚಿದಾಗ ಕಾಣೋದು ಕೆಳಗಿನವುಗಳದ್ದು. ಸಾಮಾನ್ಯವಾಗಿ ಓಟಿಜಿ ರಾಡ್ ಎಡದಿಂದ ಬಲಕ್ಕೆ ಅಡ್ಡ ಇರುತ್ತೆ. ಹಾಗಾಗಿ ಒಂದು ರಾಡ್ ಸತ್ತರೆ ಮುಂದೆ ಅಥವಾ ಹಿಂದೆ ಅಡ್ಡಕ್ಕೆ ಒಂದು ಬಿಳಿ ಪಟ್ಟೆ ಉಳಿಯುತ್ತೆ. ಮೇಲೂ ಕೆಳಗೂ ಎರಡೂ ಕಡೆ ಬಾಗಿಲ ಹತ್ತಿರ ಬಿಳಿಯಾಗಿದ್ದರೆ ಬಾಗಿಲು ಸರಿಯಾಗಿ ಕೂತಿಲ್ಲ, ಹಿಂಜ್ ಸ್ಪ್ರಿಂಗ್ ಸಡಿಲವಾಗಿರಬಹುದು.

ಪ್ರಶ್ನೆ: ಮಾಡಿದೆ ಸರ್. ಮೇಲ್ಮೈ ಎಲ್ಲ ಒಂದೇ ಸಮ ಕೆಂಪಗಾಗಿದೆ. ಮಗುಚಿದರೆ ಬಾಗಿಲ ಕಡೆ ಎರಡು ಇಂಚು ಹಾಗೇ ಬಿಳಿ.

ಉತ್ತರ: ಹಾಗಾದರೆ ಕೆಳಗಿನ ಮುಂದಿನ ರಾಡ್‌ಗೆ ಕರೆಂಟ್ ಹೋಗ್ತಿಲ್ಲ, ಇಲ್ಲಾ ರಾಡೇ ಸುಟ್ಟಿದೆ. ಪ್ಲಗ್ ಕಿತ್ತು, ಓವನ್ ಪೂರ್ತಿ ತಣ್ಣಗಾದ ಮೇಲೆ ರಾಡ್‌ನ ತುದಿಗಳಿರುವ ಪಕ್ಕದ ತಗಡು ಬಿಚ್ಚಿಸಿ. ವೈರಿಂಗ್ ಫೋಟೋ ತೆಗೆದುಕೊಂಡು, ಆ ರಾಡ್‌ನ ಲಗ್‌ಗಳನ್ನು (ವೈರ್ ತುದಿಯ ಲೋಹದ ಕ್ಲಿಪ್) ಎಳೆದು ಬಿಡಿಸಿ, ಮಲ್ಟಿಮೀಟರ್ ಓಮ್ಸ್‌ಗೆ (ರೋಧ ಅಳೆಯುವ ಜಾಗಕ್ಕೆ) ಇಟ್ಟು ಎರಡು ತುದಿಗೂ ಹಿಡಿಯಿರಿ. ನಾಲ್ಕೂ ಸಮ ಅಂದರೆ ತಲಾ 400 ವ್ಯಾಟ್, 230 ವೋಲ್ಟ್‌ಗೆ ಸುಮಾರು 132 ಓಮ್ ಬರಬೇಕು. ಐದು-ಹತ್ತು ಆಚೀಚೆ ಪರವಾಗಿಲ್ಲ. ಏನೂ ತೋರಿಸದಿದ್ದರೆ ಒಳಗಿನ ಸುರುಳಿ ತುಂಡಾಗಿದೆ, ಅದೇ ಉದ್ದ, ಅದೇ ವ್ಯಾಟ್‌ನ ರಾಡ್ ತರಬೇಕು. (ಕೆಲವು ಮಾಡೆಲ್‌ನಲ್ಲಿ ಎರಡು ರಾಡ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿರುತ್ತೆ, ಆಗ ಒಂದು ಹೋದರೆ ಜೋಡಿಯೇ ಆರುತ್ತೆ. ನಿಮ್ಮದು ಹಾಗಲ್ಲ.) ಒಂದು ಪ್ರೋಬ್ ರಾಡ್ ತುದಿಗೆ, ಇನ್ನೊಂದು ರಾಡ್‌ನ ಲೋಹದ ಮೈಗೆ ಹಿಡಿದು ನೋಡೋದನ್ನೂ ಮರೆಯಬೇಡಿ. ಅಲ್ಲಿ ಏನಾದರೂ ಓಮ್ ತೋರಿಸಿದರೆ ಆ ರಾಡ್ ಬಳಸಬೇಡಿ, ಶಾಕ್ ಹೊಡೆಯುತ್ತೆ.

ಪ್ರಶ್ನೆ: ತಮ್ಮ ಬಿಚ್ಚಿ ನೋಡಿದ. 130 ಓಮ್ ಬಂತು, ಮೈಗೆ ಏನೂ ಇಲ್ಲ. ಆದರೆ ಒಂದು ಲಗ್ ಕಪ್ಪಾಗಿ ಅಲ್ಲಾಡ್ತಿದೆ, ವೈರ್ ಸಿಪ್ಪೆ ಕರಗಿದೆ. ಬೆಸುಗೆ ಹಾಕಿದರೆ ಸಾಕಾ?

ಉತ್ತರ: ಬೆಸುಗೆ ಖಂಡಿತ ಬೇಡ. ಸಾಮಾನ್ಯ ಬೆಸುಗೆ ಸೀಸ 183 ಡಿಗ್ರಿ ಸುಮಾರಿಗೇ ಕರಗುತ್ತೆ, ರಾಡ್ ತುದಿಯ ಹತ್ತಿರ ಅಷ್ಟು ಬಿಸಿ ಬಂದೇ ಬರುತ್ತೆ. ಲಗ್ ಸಡಿಲವಾದಾಗ ಆ ಜಾಗದಲ್ಲೇ ಬಿಸಿ ಹುಟ್ಟಿ ಕರಿ ಕಟ್ಟುತ್ತೆ, ಕರಿ ಕಟ್ಟಿದಷ್ಟೂ ಇನ್ನೂ ಬಿಸಿಯಾಗುತ್ತೆ. ನಿಮ್ಮದು ಅದೇ. ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ. ಸಾಲದಿದ್ದರೆ ಫೈಬರ್‌ಗ್ಲಾಸ್ ಹೊದಿಕೆಯ ಹೀಟರ್ ವೈರ್ ಹಾಕಿ. ಮನೆ ವೈರಿಂಗ್‌ನ ಪಿವಿಸಿ ವೈರ್ 70 ಡಿಗ್ರಿಗೆ ಮಾತ್ರ, ಇಲ್ಲಿ ನಿಲ್ಲಲ್ಲ. ನಿಕಲ್ ಲೇಪನದ ಸ್ಟೀಲ್ ಲಗ್ ತಂದು ಕ್ರಿಂಪ್ ಮಾಡಿ (ವೈರ್ ಮೇಲೆ ಒತ್ತಿ ಬಿಗಿಯಿರಿ), ಎಳೆದರೆ ಬರಬಾರದು. ರಾಡ್ ತುದಿಯನ್ನು ಸಣ್ಣ ಮರಳು ಕಾಗದದಿಂದ ಉಜ್ಜಿಯೇ ಕೂರಿಸಿ. ಉಳಿದ ಲಗ್‌ಗಳನ್ನೂ ಒಂದೊಂದಾಗಿ ಅಲ್ಲಾಡಿಸಿ ನೋಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಓವನ್‌ನಲ್ಲಿ ತಳ ಸೀಯುತ್ತೆ, ಮೇಲೆ ಬಣ್ಣ ಬರಲ್ಲ. ಶುಚಿಗೆ ಅಂತ ತಳದ ಟ್ರೇಯಿಟ್ಟು, ಜಾಲರಿ ಮೇಲೆ ಫಾಯಿಲ್ ಹಾಸಿದ್ದೀನಿ.

ಉತ್ತರ: ಜಾಲರಿ ಮೇಲಿನ ಫಾಯಿಲ್ ತೆಗೆಯಿರಿ. ಕೆಳಗಿನ ಬಿಸಿಗಾಳಿ ಮೇಲೆ ಏರೋಕೆ ದಾರಿಯೇ ಇಲ್ಲದಾಗಿದೆ. ಟಿನ್ ನಡು ಹಂತದಲ್ಲಿರಲಿ, ಸುತ್ತ ಎರಡು ಬೆರಳಿನಷ್ಟಾದರೂ ಜಾಗ ಬಿಡಿ. ಆಮೇಲೂ ಮೇಲೆ ಬಣ್ಣ ಬರದಿದ್ದರೆ ಸೆಲೆಕ್ಟರ್ (ಯಾವ ರಾಡ್ ಕಾಯಬೇಕು ಅಂತ ಆರಿಸುವ ಗುಂಡಿ) ಕೆಳಗಿನ ರಾಡ್‌ಗೆ ಮಾತ್ರ ಇದೆಯಾ ನೋಡಿ, ನಂತರ ಬ್ರೆಡ್ ಪರೀಕ್ಷೆ.

ಪ್ರಶ್ನೆ: ಸಂಜೆ ಹೊತ್ತು ಮಾತ್ರ ಬೇಯೋದು ತಡ ಆಗುತ್ತೆ, ಯಾಕೆ?

ಉತ್ತರ: ವೋಲ್ಟೇಜ್ ಅಳೆಯಿರಿ. 190ಕ್ಕೆ ಇಳಿದರೆ 1600 ವ್ಯಾಟ್ ಓವನ್ ಕೊಡೋದು ಸುಮಾರು 1090 ಅಷ್ಟೇ. ಆಗ ಪ್ರೀಹೀಟ್ 15ರ ಬದಲು 25 ನಿಮಿಷ ಕೊಡಿ, 16 ಆಂಪ್ ಸಾಕೆಟ್‌ನಿಂದಲೇ ನಡೆಸಿ.

ಮೊದಲು ಕೇಳಿದವರ ಪ್ರಶ್ನೆ: ಲಗ್ ಬದಲಾಯಿಸಿದ್ವಿ ಸರ್, ಈಗ ಕೆಳಗಿನ ಎರಡೂ ರಾಡ್ ಕೆಂಪಗಾಗ್ತಿವೆ. ಇವತ್ತೇ ಕೇಕ್ ಇಡಬಹುದಾ?

ಉತ್ತರ: ತಗಡು ಮುಚ್ಚಿ ಎಲ್ಲ ಸ್ಕ್ರೂ ಹಾಕಿದ್ದೀರಲ್ಲ? ಕಿಟಕಿ ತೆಗೆದಿಟ್ಟು 200ಕ್ಕೆ 20 ನಿಮಿಷ ಖಾಲಿ ಓಡಿಸಿ, ಹೊಸ ವೈರ್‌ನ ವಾಸನೆ ಹೋಗಲಿ. ಮತ್ತೆ ಒಂದು ಸಾಲು ಬ್ರೆಡ್ ಇಟ್ಟು ಮಗುಚಿ ನೋಡಿ, ಮುಂದಿನ ಪಟ್ಟೆ ಹೋಗಿದ್ದರೆ ಇವತ್ತೇ ಇಡಿ.