ಸುರಂಜಿತ್ ಸೇನ್‌ಗುಪ್ತ: ಎಷ್ಟು ಸಲ ಗೆದ್ದರು, ರೈಲ್ವೆ ದುಡ್ಡಿನ ಗದ್ದಲ ಏನು?

ತೊಗರಿ ಕಣಜ:
ಗುಲಬರ್ಗಾ ವಿಶ್ವವಿದ್ಯಾಲಯದಾಗ ರಾಜ್ಯಶಾಸ್ತ್ರ ಸೆಮಿನಾರ್ ಅದ, ಹತ್ತು ನಿಮಿಷ. ವಿಷಯ ಬಾಂಗ್ಲಾದೇಶದ ರಾಜಕಾರಣಿ ಸುರಂಜಿತ್ ಸೇನ್‌ಗುಪ್ತ. ಖರ್ಗೆಯವರು ಗುರುಮಠಕಲ್‌ನಿಂದ 8 ಸಲ, ಚಿತ್ತಾಪುರದಿಂದ 1 ಸಲ ವಿಧಾನಸಭೆಗೆ ಹೋದ್ರು ಅಂತ ನೆಟ್ಟಗ ಹೇಳಬಹುದು. ಸೇನ್‌ಗುಪ್ತರದು ಎಷ್ಟು ಸಲ ಗೆದ್ರು ಅಂತ ಒಂದೊಂದು ಕಡೆ ಒಂದೊಂದು ಲೆಕ್ಕ ಅದ, ಯಾವುದು ಹಿಡೀಬೇಕು? ರೈಲ್ವೆ ದುಡ್ಡಿನ ಹಗರಣದಾಗ ಶಿಕ್ಷೆ ಆಯ್ತೇನು?

ಶಹಾಬಾದ್ ಪರ್ಸಿ:
ಲೆಕ್ಕ ತಪ್ಪೋದು 1970ರಲ್ಲಿ ನೋಡ್ರಿ. ಆಗ ಅವರು ಗೆದ್ದಿದ್ದು ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಪ್ರಾಂತೀಯ ಸಭೆಗೆ, ಸಂಸತ್ತಿಗಲ್ಲ. 1972ರಲ್ಲಿ ರಾಷ್ಟ್ರೀಯ, ಪ್ರಾಂತೀಯ ಎರಡೂ ಸಭೆಗೆ ಆರಿಸಿ ಬಂದವರನ್ನು ಕೂಡಿಸಿ ಸಂವಿಧಾನ ಸಭೆ ಮಾಡಿದ್ರು. ಹಿಂಗಾಗಿ ಕೆಲವರು ಆ ಗೆಲುವನ್ನೂ ಸೇರಿಸಿ ಎಣಿಸ್ತಾರ. ನೀವು ಅದನ್ನು ಬ್ಯಾರೇನೇ ಬರೀರಿ. ಸಂವಿಧಾನದ ಕರಡು ಸಮಿತಿಯ 34 ಮಂದಿಯೊಳಗ ವಿರೋಧ ಪಕ್ಷದವರು ಇವರೊಬ್ಬರೇ. ಅದು ಬಿಡಬ್ಯಾಡ್ರಿ.

ಇನ್ನೊಂದು, 1996. ಸ್ವಂತ ಕ್ಷೇತ್ರ ಸುನಾಮ್‌ಗಂಜ್-2ರಲ್ಲಿ ಸೋತು, ಹಬೀಗಂಜ್-2ರ ಉಪಚುನಾವಣೆಯಿಂದ ಒಳಗ ಬಂದ್ರು. 'ಒಂದೇ ಕ್ಷೇತ್ರ, ಸೋಲೇ ಇಲ್ಲ' ಅಂತ ಬರೆದ್ರ ತಪ್ಪಾಗ್ತದ.

ಕ್ಷೇತ್ರದ ಗುಣಾನೂ ಎರಡು ಸಾಲಿನಾಗ ಹೇಳ್ರಿ. ಸುನಾಮ್‌ಗಂಜ್-2ರ ದೆರಾಯಿ, ಶಾಲ್ಲಾ ಅಂದ್ರ ಹಾವರ್ ಸೀಮೆ: ಮಳೆಗಾಲ ಬಂತಂದ್ರ ಹೊಲ ಎಲ್ಲ ಕೆರೆ, ಊರಿಂದೂರಿಗೆ ದೋಣಿ. ನಮ್ಮ ಕಡಿ ತೊಗರಿ ಹೆಂಗೋ ಅಲ್ಲಿ ಬೋರೋ ಭತ್ತ ಹಂಗ. ಕೊಯ್ಲಿಗೆ ಮೊದಲು ಬೆಟ್ಟದ ನೀರು ಬಂದು ಒಡ್ಡು ಒಡೀತಂದ್ರ ವರ್ಷದ ಅನ್ನ ಹೋತು.

ಬ್ರಾಡ್‌ಗೇಜ್:
ಹಗರಣದ ತಾರೀಖು ಇಟ್ಕೊಳ್ರಿ. 2011ರ ನವೆಂಬರ್‌ನಾಗ ಮಂತ್ರಿ ಆದ್ರು, ರೈಲ್ವೆ ಖಾತೆ ಸಿಕ್ತು. ರೈಲ್ವೆಯೊಳಗಿನ 'ಕರಿ ಬೆಕ್ಕು', ಅಂದ್ರ ಭ್ರಷ್ಟರನ್ನ, ಹಿಡೀತೀನಿ ಅಂದಿದ್ರು. 2012ರ ಏಪ್ರಿಲ್ 9ರ ರಾತ್ರಿ ಅವರ ಸಹಾಯಕ ಖಾಸಗಿ ಕಾರ್ಯದರ್ಶಿಯ ಗಾಡಿಯನ್ನು ಚಾಲಕ ಸೀದಾ ಢಾಕಾದ ಪಿಲ್ಖಾನಾಕ್ಕ, ಅಂದ್ರ ಗಡಿ ಪಡೆಯ ಕೇಂದ್ರ ಕಚೇರಿಯೊಳಗ ಹೊಡೆದ. ಗಾಡಿಯಾಗ ಸುಮಾರು 70 ಲಕ್ಷ ಟಾಕಾ, ಜೊತಿಗೆ ರೈಲ್ವೆಯ ಹಿರಿಯ ಅಧಿಕಾರಿ. ನೇಮಕಾತಿ ಲಂಚದ ದುಡ್ಡು ಅಂತ ಆರೋಪ ಬಂತು. ತನಗೆ ಸಂಬಂಧ ಇಲ್ಲ ಅಂದ್ರೂ 16ಕ್ಕ ರಾಜೀನಾಮೆ ಕೊಟ್ರು. ಮರುದಿನವೇ ಖಾತೆಯಿಲ್ಲದ ಮಂತ್ರಿ! ಖಾತೆ ಹೋದ್ರೂ ಕುರ್ಚಿ ಹೋಗ್ಲಿಲ್ಲ. 'ಕರಿ ಬೆಕ್ಕು' ಅನ್ನೋ ಹೆಸರು ಮಾತ್ರ ಅವರಿಗೇ ಅಂಟಿಕೊಂಡ್ತು. ಶಿಕ್ಷೆ ಆಗಿಲ್ಲ, 'ಭ್ರಷ್ಟ ಮಂತ್ರಿ' ಅಂತ ಬರೀಬ್ಯಾಡ್ರಿ, 'ಆರೋಪ' ಅನ್ರಿ.

ತೊಗರಿ ಕಣಜ:
ಹಂಗಾದ್ರ ಹತ್ತು ನಿಮಿಷದಾಗ ಇದಕ್ಕೇ ಐದು ಕೊಡ್ಲಾ?

ಶಹಾಬಾದ್ ಪರ್ಸಿ:
ಎರಡು ಸಾಕು. ನನ್ನ ಪ್ರಕಾರ ದೊಡ್ಡ ವಿವಾದ ಬಾಂಗ್ಲಾದೇಶ ಸಂವಿಧಾನದ 15ನೇ ತಿದ್ದುಪಡಿ. ಅದರ ವಿಶೇಷ ಸಮಿತಿಗೆ ಇವರು ಸಹಅಧ್ಯಕ್ಷರು. ಚುನಾವಣೆ ನಡೆಸಲಿಕ್ಕೆ 1996ರಲ್ಲಿ ತಂದಿದ್ದ ಪಕ್ಷಾತೀತ ಉಸ್ತುವಾರಿ ಸರ್ಕಾರದ ಪದ್ಧತಿಯನ್ನ 2011ರ ಜೂನ್ 30ಕ್ಕ ಸಂಸತ್ತು ತೆಗೆದುಹಾಕಿತು. ಸುಪ್ರೀಂ ಕೋರ್ಟ್ ಅದೇ ವರ್ಷದ ಮೇ ತಿಂಗಳಾಗ ಆ ಪದ್ಧತಿಯನ್ನ ಅಸಿಂಧು ಅಂದಿತ್ತು ಖರೆ, ಆದ್ರ ಮುಂದಿನ ಎರಡು ಚುನಾವಣೆ ಅದರಡಿ ನಡೆಸಬಹುದು ಅಂತಾನೂ ಹೇಳಿತ್ತು. ಈ ಎರಡನೇ ಮಾತು ಬಿಟ್ಟೇ ಎಷ್ಟೋ ಮಂದಿ ಬರೀತಾರ. ಆ ಪದ್ಧತಿ ಇಲ್ಲದೇ ನಡೆದ 2014ರ ಜನವರಿ 5ರ ಚುನಾವಣೆಯನ್ನ ವಿರೋಧ ಪಕ್ಷ ಬಿಎನ್‌ಪಿ (ಬಾಂಗ್ಲಾದೇಶ ನ್ಯಾಷನಲಿಸ್ಟ್ ಪಾರ್ಟಿ) ಬಹಿಷ್ಕರಿಸಿತು, 300ರಲ್ಲಿ 153 ಸೀಟು ಅವಿರೋಧ. 2024ರ ಡಿಸೆಂಬರ್‌ನಾಗ ಹೈಕೋರ್ಟ್ ತಿದ್ದುಪಡಿಯ ಕೆಲವು ಭಾಗ ರದ್ದು ಮಾಡ್ತು. ಅದನ್ನ ನೋಡಲಿಕ್ಕೆ ಇವರಿರಲಿಲ್ಲ: 2017ರ ಫೆಬ್ರವರಿ 5ಕ್ಕ ತೀರಿಕೊಂಡಿದ್ರು. ಮುಂದಿನ ತಿಂಗಳ ಉಪಚುನಾವಣೆಯಾಗ ಹೆಂಡತಿ ಜಯಾ ಸೇನ್‌ಗುಪ್ತ ಅದೇ ಸೀಟು ಗೆದ್ರು.